ನಾಲ್ಕನೇ ಜ್ವರ

ಕಳೆದ ವಾರ ಮೊಳಕಾಲ್ಮೂರಿಗೆ ಹೋಗಿದ್ದೆ. ಮಗಳ ಸೀರೆಗೆ ಕುಚ್ಚು ಕಟ್ಟಲು ಕೊಟ್ಟಿದ್ದು ಆಗಿದೆಯೆಂದು ಫೋನು ಬಂದಿತ್ತು. ನೇಕಾರರ ಓಣಿ ದಾಟಿ ಒಳಗೆ ತಿರುಗಿದರೆ ಒಂದು ಮನೆಯ ಹಿತ್ತಲಲ್ಲಿ ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ಹೊಸಬರು ಆ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಾರೆ. ಕುದಿವ ನೀರು, ಹಸಿ ರೇಷ್ಮೆ, ಗೂಡಿನೊಳಗೇ ಬೆಂದುಹೋದ ಹುಳ, ಎಲ್ಲ ಸೇರಿದ ಭಾರದ ವಾಸನೆ. ನಾನು ಗೋಡೆ ಹಿಡಿದು ನಿಂತುಬಿಟ್ಟೆ.

ಒಲೆಯ ಮುಂದಿದ್ದ ಹೆಂಗಸು ಕೈ ಒರೆಸಿಕೊಂಡು ಎದ್ದು ಬಂದಳು. "ಯಾಕಕ್ಕ, ತಲೆ ಸುತ್ತಿತಾ? ಬಾ, ಕೂತ್ಕ."

"ಏನಿಲ್ಲಮ್ಮ. ನಾವೂ ಹುಳ ಸಾಕಿದೋರೇ. ಕೊಂಡ್ಲಹಳ್ಳಿ."

"ಈಗ ಸಾಕಲ್ವಾ?"

"ಶೆಡ್ಡು ಐತೆ. ಬೇರೆಯೋರು ನೋಡ್ಕಂತಾರೆ."

ಅವಳು ಕೊಟ್ಟ ನೀರು ಕುಡಿದೆ. ಕುಡಿಯುವಾಗಲೇ ಆ ಮಳೆಗಾಲವೆಲ್ಲ ಕಣ್ಣ ಮುಂದೆ ಬಂತು.

ನಮ್ಮ ಮನೆಯ ಹಿಂದೆ ಹಿಪ್ಪುನೇರಳೆ ತೋಟ, ತೋಟಕ್ಕೂ ಮನೆಗೂ ನಡುವೆ ಹುಳದ ಶೆಡ್ಡು. ನಾನು ಮದುವೆಯಾಗಿ ಬಂದಾಗಿನಿಂದ ನಮ್ಮ ದಿನ ನಡೆಯುತ್ತಿದ್ದದ್ದು ಗಡಿಯಾರದಿಂದಲ್ಲ, ಹುಳದಿಂದ. ಅವಕ್ಕೆ ಸೊಪ್ಪಾದ ಮೇಲೆ ನಮಗೆ ರೊಟ್ಟಿ. ಅವು ಗೂಡಿಗೆ ಹತ್ತಿದ ಮೇಲೆ ನೆಂಟರ ಮನೆ. ನಮ್ಮವರು, ಅಂದರೆ ನನ್ನ ಯಜಮಾನರು ತಿಪ್ಪೇಸ್ವಾಮಿ, ಬೇರೆ ಯಾವುದಕ್ಕೂ ಅವಸರ ಮಾಡಿದವರಲ್ಲ. ಸೊಪ್ಪಿನ ಹೊತ್ತು ಸ್ವಲ್ಪ ತಪ್ಪಿದರೆ ಮಾತ್ರ ಮನೆ ತುಂಬ ಓಡಾಡುತ್ತಿದ್ದರು.

ಹುಳ ಸಾಕುವ ಮನೆಯಲ್ಲಿ ಜ್ವರ ಎಂದರೆ ಹೆದರುವ ಮಾತಲ್ಲ. ಹುಳ ತೊಗಲು ಕಳಚುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಗೂಡು ಕಟ್ಟುವಷ್ಟು ಬೆಳೆಯುವುದರೊಳಗೆ ಅದು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ತಿನ್ನುವುದು ಬಿಟ್ಟು, ತಲೆ ಮೇಲೆತ್ತಿ, ಪೂಜೆಗೆ ಕೂತವರ ಹಾಗೆ ಅಲ್ಲಾಡದೆ ಇರುತ್ತದೆ. ಆಗ ಮುಟ್ಟಬಾರದು, ಸೊಪ್ಪು ಹಾಕಬಾರದು. ಒಂದಿಷ್ಟು ಸುಣ್ಣದ ಪುಡಿ ಉದುರಿಸಿ, ಗಾಳಿಯಾಡಲು ಕಿಟಕಿ ತೆಗೆದು ಸುಮ್ಮನೆ ಬರಬೇಕು. ಹಳೆಯ ತೊಗಲನ್ನು ಹಿಂದೆ ಬಿಟ್ಟು ಎದ್ದ ಹುಳ ಮೊದಲಿಗಿಂತ ದೊಡ್ಡದಾಗಿ, ಹಸಿದುಕೊಂಡು ಏಳುತ್ತದೆ. ಎಲ್ಲವೂ ಎದ್ದ ಮೇಲೆಯೇ ಸೊಪ್ಪು. ಮುಂಚೆ ಎದ್ದವಕ್ಕೆ ಮುಂಚೆ ಹಾಕಿದರೆ ಒಂದು ಸಣ್ಣದು ಒಂದು ದೊಡ್ಡದಾಗಿ ಬೆಳೆ ಕೆಡುತ್ತದೆ. ಅದಕ್ಕೇ ಶೆಡ್ಡಿನಿಂದ ಯಾರು ಹೊರಗೆ ಬಂದರೂ ಕೇಳುವುದು ಒಂದೇ: ಎಲ್ಲಾ ಎದ್ದವಾ? ನಾಲ್ಕನೇ ಜ್ವರ ಎದ್ದವಕ್ಕೆ ಮೊದಲ ಸೊಪ್ಪನ್ನು ಮನೆಯ ಯಜಮಾನನೇ ಹಾಕಬೇಕೆಂಬುದು ನಮ್ಮ ಮಾವನವರ ಕಾಲದಿಂದ ಬಂದ ಪದ್ಧತಿ. ನಮ್ಮವರು ಅವತ್ತು ತಲೆಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡೇ ಶೆಡ್ಡಿಗೆ ಹೋಗುತ್ತಿದ್ದರು.

ಶೆಡ್ಡಿನ ಕೆಲಸಕ್ಕೆ ನಮ್ಮ ಜೊತೆಗಿದ್ದವಳು ಹನುಮಕ್ಕ. ಗಡಿಯ ಆಚೆಯವಳು, ಮನೆಯಲ್ಲಿ ತೆಲುಗು, ನಮ್ಮೊಂದಿಗೆ ಕನ್ನಡ. ಹುಳವೆಂದರೆ ಲಕ್ಷ್ಮಿ ಎಂದು ಅವಳ ತಾಯಿ ಕಲಿಸಿದ್ದಳಂತೆ. ಹಾಗಾಗಿ ಅವಳ ಬಾಯಲ್ಲಿ ಹುಳ 'ಅವು' ಆಗಲೇ ಇಲ್ಲ, 'ಅವರು'. ಅವರು ಉಂಡರು, ಅವರು ಮಲಗಿದರು, ಅವರು ಎದ್ದರು.

"ಅಲ್ಲಮ್ಮ ಹನುಮಕ್ಕ," ನಮ್ಮವರು ರೇಗಿಸುತ್ತಿದ್ದರು, "ನನಗೂ ಅವರು ಅಂತೀಯ, ಹುಳಕ್ಕೂ ಅವರು ಅಂತೀಯ. ನೀನು ಎದ್ದರು ಅಂದ್ರೆ ಯಾರು ಎದ್ದರು ಅಂತ ಪಾರ್ವತಿಗೆ ಹೆಂಗೆ ತಿಳೀಬೇಕು?"

"ನೀವು ಯಾವತ್ತು ಹೊತ್ತಿಗೆ ಸರಿಯಾಗಿ ಎದ್ದೀರಿ ಯಜಮಾನ್ರೇ? ಎದ್ದರು ಅಂದ್ರೆ ಅವರೇ ಅಂತ ಅಮ್ಮನಿಗೆ ಗೊತ್ತು ಬಿಡ್ರಿ."

ಮೂರು ವರ್ಷದ ಹಿಂದಿನ ಆಷಾಢ. ನಮ್ಮ ಕಡೆ ಆಷಾಢ ಎಂದರೆ ಗಾಳಿ. ಮೋಡ ತಲೆಯ ಮೇಲೆ ಓಡಿಹೋಗುತ್ತದೆ, ಒಂದು ಹನಿ ಉದುರುವುದಿಲ್ಲ. ಶೆಡ್ಡಿನ ಗೋಣಿ ಪರದೆಗಳು ದಿನವಿಡೀ ಪಟಪಟ ಬಡಿದುಕೊಳ್ಳುತ್ತಿದ್ದವು. ನಮ್ಮವರಿಗೆ ಸಂಜೆಯಾದರೆ ಸಣ್ಣಗೆ ಮೈ ಬಿಸಿ. ಬೆಳಿಗ್ಗೆ ನೋಡಿದರೆ ದಿಂಬು ಒದ್ದೆ. ರೊಟ್ಟಿ ಮುರಿದು ಪಕ್ಕಕ್ಕಿಟ್ಟರೆ ನಾನು ಬಯ್ಯುತ್ತಿದ್ದೆ. ಅವರು ಜಗುಲಿಯ ಮೇಲೆ ಕತ್ತು ಮೇಲೆತ್ತಿ, ಕಣ್ಣು ಮುಚ್ಚಿ, ಹುಳದ ಹಾಗೇ ಕೂತು ತೋರಿಸುತ್ತಿದ್ದರು.

"ಜ್ವರಕ್ಕೆ ಕೂತೋರನ್ನ ಮುಟ್ಟಬಾರದು, ಉಣ್ಣಾಕೆ ಹಾಕಬಾರದು. ಇಷ್ಟು ವರ್ಷ ಹುಳ ಸಾಕಿ ಇದೂ ಕಲೀಲಿಲ್ವೇನೇ?"

"ಹಂಗಾರೆ ಸುಣ್ಣದ ಪುಡಿ ಹಾಕ್ಲಾ?"

"ಹಾಕು. ಎದ್ದ ಮೇಲೆ ನೋಡು, ಹೊಸ ತೊಗಲು."

ಹನುಮಕ್ಕ ಸೊಪ್ಪಿನ ಹೊರೆ ಇಳಿಸಿ ನಗುತ್ತಿದ್ದಳು. ಜ್ವರ ಬಿಟ್ಟಿತು, ಮತ್ತೆ ಬಂತು. "ಇದು ಎರಡನೇದು," ಎಂದರು. ಬೇರೆ ಯಾರ ಮನೆಯಲ್ಲಾದರೂ ಹೆದರುತ್ತಿದ್ದರೋ ಏನೋ. ನಮ್ಮ ಮನೆಯಲ್ಲಿ ಜ್ವರಕ್ಕೆ ಲೆಕ್ಕವಿತ್ತು, ಲೆಕ್ಕ ಮುಗಿದರೆ ಏಳುವುದಿತ್ತು.

ಮಗಳು ಗೀತಾ ಚಳ್ಳಕೆರೆಯ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಾಳೆ. ಅಲ್ಲೇ ರೂಮು, ಶನಿವಾರದ ಬಸ್ಸಿಗೆ ಊರಿಗೆ. ಸಂಶೋಧನೆಗೆ ಸೇರಬೇಕೆಂದು ಆ ವರ್ಷ ಓದುತ್ತಿದ್ದಳು. ಅವಳು ಹಿಡಿದಿದ್ದ ವಿಷಯ ನಮ್ಮ ಹುಳದ್ದೇ, ಅದರ ಹೊಟ್ಟೆಯೊಳಗಿನ ರೇಷ್ಮೆ ಚೀಲ. ಅವರಪ್ಪನಿಗೆ ಅದಕ್ಕಿಂತ ಹೆಮ್ಮೆ ಬೇರೆ ಇರಲಿಲ್ಲ. ಹಣ್ಣಾದ, ಅಂದರೆ ಗೂಡು ಕಟ್ಟಲು ತಯಾರಾದ ಹುಳಗಳಲ್ಲಿ ಚೆನ್ನಾಗಿರುವುದನ್ನು ತಾವೇ ಆರಿಸಿ ಕೊಡುತ್ತಿದ್ದರು.

ಹಿತ್ತಲ ಕಟ್ಟೆಯ ಮೇಲೆ ನೀರಿನ ತಟ್ಟೆಯಿಟ್ಟು ಗೀತಾ ಹುಳ ಬಿಡಿಸಿ ತೋರಿಸಿದಳು. ರೇಷ್ಮೆ ಚೀಲವೆಂದರೆ ಎರಡು ಕಡೆ ಎರಡು ಉದ್ದ ಕೊಳವೆ, ಬೆಂದ ಶಾವಿಗೆಯ ಹಾಗೆ ಸುತ್ತಿಕೊಂಡು ಹೊಳೆಯುತ್ತಿತ್ತು. ಮೈ ತುಂಬ ಅದೇ. ಗೂಡು ಕಟ್ಟಿದ ಕೆಲವು ದಿನದ ಮೇಲೆ, ಮುಂದಿನ ವಾರ ಬಂದವಳು, ಒಂದು ಗೂಡು ಕತ್ತರಿಸಿ ಒಳಗಿನದನ್ನು ಬಿಡಿಸಿದಳು. ಕೊಳವೆ ಇರಲಿಲ್ಲ. ಕದಡಿದ ಗಂಜಿಯಂಥದು ಒಂದಿಷ್ಟು, ಅಷ್ಟೆ.

"ಯಾರು ಕೊಂದರು ಅದನ್ನ?" ಅವರಪ್ಪ ಕೇಳಿದರು.

"ಯಾರೂ ಕೊಲ್ಲಲ್ಲಪ್ಪ. ಕೆಲಸ ಮುಗೀತು ಅಂತ ಮೈಯೊಳಗೆ ಒಂದು ಸುದ್ದಿ ಹರೀತೈತೆ. ಆಗ ಚೀಲದ ಒಂದೊಂದು ಜೀವಕಣನೂ ತನ್ನೊಳಗಿರೋದನ್ನ ತಾನೇ ತಿನ್ನಾಕೆ ಶುರು ಮಾಡ್ತೈತೆ."

"ತನ್ನನ್ನ ತಾನೇ?"

"ಹ್ಞೂಂ. ಆಟೋಫಜಿ ಅಂತೀವಿ. ಬರೀ ಸಾಯಾಕಲ್ಲ ಅದು, ಹಸಿದಾಗ ಬದುಕಾಕೂ ಅದೇ ದಾರಿ. ನಮ್ಮ ಮೈಯಾಗೂ ಈಗ ನಡೀತಾ ಐತೆ. ಹಳೇ ಸಾಮಾನು ಕರಗಿಸಿ ಹೊಸದು ಮಾಡ್ಕಳಾದು."

"ಹಳೇ ಸೀರೆ ಹರ್ದು ಕೌದಿ ಹೊಲಿದಂಗೆ," ಎಂದೆ ನಾನು.

"ಹಂಗೇ ಅವ್ವ. ಆಮೇಲೆ ಕಣ ಮುದುಡಿಕೊಂಡು ಚೂರುಚೂರಾಗಿ ಪೊಟ್ಟಣ ಕಟ್ಕಂತೈತೆ. ಒಡೆದು ಸೋರಿ ಅಕ್ಕಪಕ್ಕದವಕ್ಕೆ ತೊಂದ್ರೆ ಕೊಡಲ್ಲ. ಪಕ್ಕದವು ಅದನ್ನ ತಮ್ಮೊಳಗೆ ತಗಂತಾವೆ, ಕಸ ಉಳಿಯಲ್ಲ. ಇದಕ್ಕೆ ಅಪೊಪ್ಟೋಸಿಸ್ ಅಂತ ಹೆಸರು. ಉದುರಾದು ಅಂತ ಅರ್ಥ, ಎಲೆ ಉದುರ್ತೈತಲ್ಲ, ಹಂಗೆ."

"ಎಷ್ಟು ಮರ್ಯಾದಸ್ತ ಐತೆ ನೋಡೇ ಪಾರ್ವತಿ! ಹೇಳಿದ ತಕ್ಷಣ ಎದ್ದು ಹೊರಡಾದು. ನಿಮ್ಮ ಅಣ್ಣ ಹಬ್ಬಕ್ಕೆ ಬಂದ್ರೆ ಹಂಗೆ ಹೊರಡ್ತಾನಾ?"

ಮೂವರೂ ನಕ್ಕೆವು. ನಗುತ್ತಲೇ ಗೀತಾ, "ಮೈ ಯಾಕೆ ಬಿಸಿ ಐತೆ ನಿಂದು?" ಎಂದು ಅವರ ಕತ್ತಿನ ಮೇಲೆ ಕೈಯಿಟ್ಟಳು. ಕೈ ಅಲ್ಲೇ ನಿಂತಿತು. ಕಿವಿಯ ಕೆಳಗೆ, ಮತ್ತೆ ಇನ್ನೊಂದು ಕಡೆ, ಮತ್ತೆ ಕಂಕುಳಲ್ಲಿ. ಶೇಂಗಾ ಕಾಯಿಯಂಥ ಗಂಟುಗಳು. ಅವಳ ಮುಖದಲ್ಲಿ ನಗು ಇನ್ನೂ ಇತ್ತು, ಕಣ್ಣಲ್ಲಿ ಇರಲಿಲ್ಲ.

ಚಳ್ಳಕೆರೆಯ ಡಾಕ್ಟರು, "ಜ್ವರ ಯಾವಾಗಿನಿಂದ?" ಎಂದು ಕೇಳಿದರೆ ನಮ್ಮವರು, "ಯಾರದ್ದು ಸಾರ್, ನಂದಾ, ಹುಳದ್ದಾ?" ಎಂದರು. ಡಾಕ್ಟರೂ ನಕ್ಕರು. ಆಮೇಲೆ ಗಂಟು ಮುಟ್ಟಿ ನೋಡುತ್ತ ಮಾತು ಕಡಿಮೆ ಮಾಡಿದರು. ಹೊರಗೆ ಎಣ್ಣೆ ಮಿಲ್ಲಿನ ಹಿಂಡಿಯ ವಾಸನೆ ಬರುತ್ತಿತ್ತು. ದಾವಣಗೆರೆಗೆ ಹೋಗಿ ಎಂದು ಚೀಟಿ ಬರೆದರು.

ದಾವಣಗೆರೆಯಲ್ಲಿ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರು ಎಂದರು. ಗೀತಾ ಡಾಕ್ಟರನ್ನು ಏನೇನೋ ಕೇಳಿದಳು. ಇನ್ನೂ ಮುಂಚೆ ಬಂದಿದ್ದರೆ ಎಂದಾಗ, ಈ ಜಾತಿಯದು ಬೆಳೆಯುವ ರೀತಿಗೆ ಅದರಿಂದ ದೊಡ್ಡ ವ್ಯತ್ಯಾಸವಾಗುತ್ತಿರಲಿಲ್ಲ ಎಂದರಂತೆ. ಬಸ್ಸಿನಲ್ಲಿ ಅವರಪ್ಪ ಕಿಟಕಿಯ ಕಡೆ ಕೂತು ಕೇಳಿದರು:

"ಏನಾಗೈತೆ ಒಳಗೆ? ನಿನ್ನ ತಟ್ಟೆಯಾಗೆ ತೋರಿಸ್ದಂಗೆ ಹೇಳು."

ಅವಳು ಆಸ್ಪತ್ರೆಯ ಕಾಗದ ಮಡಿಚಿ ಚೀಲಕ್ಕಿಟ್ಟು ಹೇಳಿದಳು. "ರಕ್ತದ ಜೊತೆ ಕೆಲಸ ಮಾಡೋ ಒಂದು ಜಾತಿ ಕಣ ಇದಾವಪ್ಪ. ಹೊತ್ತಾದ ಮೇಲೆ ಅವೂ ಉದುರಬೇಕು. ನಿನ್ನೊಳಗೆ ಕೆಲವು ಆ ಸುದ್ದಿ ಕೇಳ್ತಾ ಇಲ್ಲ. ಹೋಗಾದೂ ಇಲ್ಲ, ಇನ್ನಷ್ಟು ಹುಟ್ಟಿಸ್ತಾವೆ. ಜಾಗ ಸಾಲದೆ ಗಂಟು ಕಟ್ಟೈತೆ. ಮದ್ದು ಕೊಡಾದು ಅವಕ್ಕೆ ಸಾಯೋ ಹೊತ್ತಾತು ಅಂತ ನೆನಪು ಮಾಡಾಕೆ."

"ಅಂದ್ರೆ ನಾನು ಸಾಯಾದು ಅವು ಸಾಯಲ್ಲ ಅಂತ."

"ನೀನು ಸಾಯಲ್ಲ," ಎಂದಳು ಗೀತಾ. ಕಂಡಕ್ಟರು ತಿರುಗಿ ನೋಡುವಷ್ಟು ಜೋರಾಗಿ.

ಶ್ರಾವಣದಿಂದ ಮದ್ದು ಶುರುವಾಯಿತು. ಹೋಗಿ ಬರುವುದು, ವಾಂತಿ, ಬಾಯಿ ಹುಣ್ಣು. ನಾನು ರಾಗಿ ಅಂಬಲಿ ತೆಳ್ಳಗೆ ಮಾಡಿ, ಆರಿಸಿ, ಚಮಚದಲ್ಲಿ ಕುಡಿಸುತ್ತಿದ್ದೆ. ಸೊಪ್ಪು ಸಣ್ಣಗೆ ಹೆಚ್ಚಿ ಮರಿಹುಳಕ್ಕೆ ಹಾಕಿದ ಹಾಗೆ ಎಂದು ಅವರೇ ನಗುತ್ತಿದ್ದರು. ತಲೆಕೂದಲು ಉದುರಿತು, ಮೀಸೆ ಹೋಯಿತು. ಮೀಸೆಯಿಲ್ಲದ ಮುಖವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಶೆಡ್ಡಿಗೆ ಹೋಗಬೇಡಿ, ಸೋಂಕು ತಗುಲುತ್ತದೆ ಎಂದು ಡಾಕ್ಟರು ಹೇಳಿದ್ದರು. ನಡುಮನೆಯ ಕಿಟಕಿ ಶೆಡ್ಡಿನ ಕಡೆಗಿದೆ, ಮಂಚ ಅಲ್ಲಿಗೆ ಎಳೆದೆವು. ಹುಳ ಸೊಪ್ಪು ತಿನ್ನುವ ಸದ್ದು ಕೇಳುತ್ತದೆ, ಒಣಗಿದ ಎಲೆಯ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. ಹೊರಗೆ ಮಳೆ ಇರಲಿಲ್ಲ. ಅವರು ಆ ಸದ್ದು ಕೇಳಿಕೊಂಡು ಮಲಗಿರುತ್ತಿದ್ದರು.

ಗಂಟುಗಳು ಕರಗಿದವು. ಒಂದು ತಿಂಗಳು ನಾವು ಮನುಷ್ಯರಾದೆವು. ಗೀತಾ ಹೋಳಿಗೆ ಮಾಡಿಸಿದಳು. ಉತ್ತರೆ ಮಳೆ ಒಂದೆರಡು ಸಲ ಚೆನ್ನಾಗಿ ಬಿದ್ದು ತೋಟ ಹಸಿರಾಯಿತು. ಆಮೇಲೆ ಒಂದು ಬೆಳಿಗ್ಗೆ ಬೆನ್ನು ಉಜ್ಜುವಾಗ ಕಂಕುಳ ಹತ್ತಿರ ಗಂಟು ನನ್ನ ಕೈಗೇ ಸಿಕ್ಕಿತು, ಮೊದಲಿಗಿಂತ ಗಟ್ಟಿ. ನಾನು ಉಜ್ಜುವುದು ನಿಲ್ಲಿಸಿದೆ. ಅವರು ತಿರುಗಲಿಲ್ಲ. "ನೀರು ಹಾಕು," ಎಂದರು, "ಚಳಿ ಆಗ್ತೈತೆ."

ಮದ್ದು ಹೊಡೆದಾಗ ಕೆಲವು ಕಣ ತಮ್ಮನ್ನೇ ತಿಂದುಕೊಂಡು ಬದುಕಿ ಉಳಿಯುತ್ತವಂತೆ, ಅದೇ ಆಟೋಫಜಿಯಿಂದ. ಗೀತಾ ಇದನ್ನು ನನಗೆ ಅಡುಗೆಮನೆಯಲ್ಲಿ, ಬೆನ್ನು ತಿರುಗಿಸಿಕೊಂಡು ಹೇಳಿದಳು. ಬೆಂಗಳೂರಿನಲ್ಲಿ ಇನ್ನೂ ಜೋರಾದ ಮದ್ದಿದೆ, ಆಸೆ ಕಡಿಮೆ, ಆದರೂ ನೋಡಬಹುದು ಎಂದು ಡಾಕ್ಟರು ಹೇಳಿದ್ದರು.

ದೀಪಾವಳಿಗೆ ಮುಂಚೆ, ಜಗುಲಿಯ ಮೇಲೆ ಶೇಂಗಾ ಬಿಡಿಸುತ್ತ ಕೂತಿದ್ದೆವು. ನಮ್ಮವರು ಗೋಡೆಗೊರಗಿ ಒಂದೊಂದೇ ಕಾಯಿ ಒತ್ತುತ್ತಿದ್ದರು; ಸಿಪ್ಪೆ ಒಡೆಯುವ ಬಲವಿರಲಿಲ್ಲ.

"ಬೆಂಗಳೂರು ಬ್ಯಾಡ," ಎಂದರು.

"ಅಪ್ಪಾ."

"ನೀನೇ ಹೇಳಿದ್ದಲ್ವಾ? ಹೊತ್ತಾದ ಮೇಲೆ ಗಲಾಟೆ ಇಲ್ದೆ, ಪಕ್ಕದೋರಿಗೆ ತೊಂದ್ರೆ ಕೊಡದೆ ಹೋಗಬೇಕು ಅಂತ. ನನಗೆ ಸುದ್ದಿ ಕೇಳಿಸ್ತೈತೆ ಕಣವ್ವ."

ಗೀತಾ ಕೈಯಲ್ಲಿದ್ದ ಶೇಂಗಾ ಕೆಳಗೆ ಹಾಕಿದಳು. "ಅದು ಕಣ. ನೀನು ಕಣ ಅಲ್ಲ, ನೀನು ನಮ್ಮಪ್ಪ. ಚೀಲ ಸಾಯಾದು ಚಿಟ್ಟೆ ಆಗಾಕೆ. ನೀನು ಹೋದ್ರೆ ಏನಾಗ್ತೈತೆ? ಹೇಳು. ಏನು ಹುಟ್ತೈತೆ ಅದ್ರಿಂದ?"

ಅವರು ಕಾಯಿ ಕೈಯಲ್ಲಿ ತಿರುಗಿಸುತ್ತ ಯೋಚಿಸಿದರು. ನಿಜವಾಗಿಯೂ ಉತ್ತರ ಹುಡುಕುತ್ತಿದ್ದರು.

"ನಿಮ್ಮವ್ವ ನಿದ್ದೆ ಮಾಡ್ತಾಳೆ," ಎಂದರು. "ಆಷಾಢದಿಂದ ಮಲಗಿಲ್ಲ ಅವಳು."

ನಾನು ಮೊರ ಎತ್ತಿಕೊಂಡು ಒಳಗೆ ಹೋದೆ. ಕಾಳು ಅರ್ಧ ಬಿಡಿಸಿದ್ದು ಹಾಗೇ ಇತ್ತು.

ಬೆಂಗಳೂರಿಗೆ ಹೋಗಲಿಲ್ಲ. ಆ ತಿಂಗಳ ಹುಳ ಮೂರನೇ ಜ್ವರ ದಾಟಿ ನಾಲ್ಕಕ್ಕೆ ಬಂದವು. ಅವೂ ತಿನ್ನುವುದು ಬಿಟ್ಟವು, ಇವರೂ ಬಿಟ್ಟರು. ಶೆಡ್ಡಿನಿಂದ ಸದ್ದು ನಿಂತಿತು. ಅಂಬಲಿಯ ಚಮಚ ತುಟಿಗಿಟ್ಟರೆ ತಲೆ ಆಚೆಗೆ ತಿರುಗಿಸಿ, "ಎದ್ದವೇನೇ?" ಎಂದು ಕೇಳುತ್ತಿದ್ದರು.

"ಇನ್ನೂ ಇಲ್ಲರೀ."

"ಕಿಟಕಿ ತೆಗ್ದೀರಾ? ಗಾಳಿ ಆಡಬೇಕು."

"ತೆಗ್ದೀವಿ."

ಕೊನೆಯ ಮಾತು ಅಷ್ಟೇ. ಬೆಳಗಾಗುತ್ತಿದ್ದಂತೆ ಉಸಿರು ಸಣ್ಣದಾಗಿ, ಇನ್ನೂ ಸಣ್ಣದಾಗಿ, ನಿಂತಿತು. ಗೀತಾ ಅವರ ಕೈ ಹಿಡಿದು ಕೂತಿದ್ದಳು. ನಾನು ಕಾಲು ಒತ್ತುತ್ತಿದ್ದೆ, ನಿಂತದ್ದು ಗೊತ್ತಾದ ಮೇಲೂ ಒತ್ತುತ್ತಲೇ ಇದ್ದೆ.

ನಮ್ಮಲ್ಲಿ ಹೋದವರನ್ನು ಕೂರಿಸುತ್ತಾರೆ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೊಸ ಪಂಚೆ ಉಡಿಸಿ ಜಗುಲಿಯ ಗೋಡೆಗೆ ಒರಗಿಸಿ ಕೂರಿಸಿದರು. ಶೇಂಗಾ ಬಿಡಿಸಿದ ಜಾಗವೇ. ಕತ್ತು ಬಾಗದಿರಲೆಂದು ಗಲ್ಲಕ್ಕೆ ಬಟ್ಟೆ ಕಟ್ಟಿ ತಲೆ ಸ್ವಲ್ಪ ಮೇಲೆತ್ತಿದ್ದರು. ನಾನು ಪಕ್ಕದಲ್ಲಿದ್ದೆ. ಗೌರಸಮುದ್ರದಿಂದ ಅವರಕ್ಕ, ನನ್ನ ಅತ್ತಿಗೆ, ಬಂದು ತಮ್ಮನ ಕಾಲು ಹಿಡಿದು ಅತ್ತರು. ಊರವರು ಹೂವು ತಂದರು. ಬಿಸಿಲು ಜಗುಲಿಗೆ ಏರಿತು.

ಆಗ ಹನುಮಕ್ಕ ಜನರ ನಡುವೆ ನುಸುಳಿ ಬಂದು ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದಳು.

"ಅಮ್ಮಾ, ಎದ್ದರು."

ನಾನು ತಟ್ಟನೆ ತಿರುಗಿ ಅವರ ಮುಖ ನೋಡಿದೆ. ವಿಭೂತಿ, ಮುಚ್ಚಿದ ಕಣ್ಣು, ಮೇಲೆತ್ತಿದ ತಲೆ. ಜ್ವರಕ್ಕೆ ಕೂತು ನಮ್ಮನ್ನು ನಗಿಸುತ್ತಿದ್ದರಲ್ಲ, ಅದೇ ಕೂರುವ ರೀತಿ. ಈಗ ಕಣ್ಣು ತೆಗೆದು ಏನೇ ಎನ್ನುತ್ತಾರೆ ಎಂದು ಒಂದು ಗಳಿಗೆ, ದೇವರಾಣೆಗೂ, ಕಾದೆ.

ಹನುಮಕ್ಕನಿಗೆ ತಿಳಿಯಿತು. ಬಾಯಿಗೆ ಸೆರಗು ಒತ್ತಿಕೊಂಡಳು. "ಅವರಲ್ಲಮ್ಮ... ಅವರು..." ಎಂದಳು. ಅವಳ ಹತ್ತಿರ ಬೇರೆ ಮಾತೇ ಇರಲಿಲ್ಲ. ನನ್ನ ಹೆಗಲ ಮೇಲೆ ಮುಖವಿಟ್ಟು ಅತ್ತಳು. ಬೆಳಗಿನಿಂದ ಬಾರದ ಅಳು ನನಗೂ ಆಗ ಬಂತು.

ನಾಲ್ಕನೇ ಜ್ವರ ಎದ್ದ ಹುಳ ಹಸಿವು ತಡೆಯುವುದಿಲ್ಲ. ಮೊದಲ ಸೊಪ್ಪು ಯಜಮಾನರು ಹಾಕಬೇಕು. ನಾನು ಎದ್ದೆ.

"ಎಲ್ಲಿಗೆ?" ಎಂದರು ಅತ್ತಿಗೆ.

"ಶೆಡ್ಡಿಗೆ. ಹುಳ ಎದ್ದಾವೆ."

"ಹೆಣ ಮನೆಯಾಗಿಟ್ಟುಕೊಂಡು? ಸೂತಕದ ಮೈಯಾಗೆ ಹುಳದ ಮನೆಗೆ ಕಾಲಿಟ್ರೆ ಒಂದೂ ಉಳಿಯಲ್ಲ, ತಿಳಕ."

"ಅವರಿದ್ದಿದ್ರೆ ಹಾಕ್ತಿದ್ರು ಅತ್ತಿಗೆ."

ಅತ್ತಿಗೆ ಅದಾದ ಮೇಲೆ ಬಹಳ ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಾನು ಹೋದೆ. ಹುಳಗಳು ತಲೆ ಆ ಕಡೆ ಈ ಕಡೆ ಆಡಿಸಿ ಗಾಳಿಯಲ್ಲಿ ಸೊಪ್ಪು ಹುಡುಕುತ್ತಿದ್ದವು. ಹೊಸ ತೊಗಲು, ಇನ್ನೂ ಸಡಿಲ, ಮಸಕು. ಪಕ್ಕದಲ್ಲಿ ಕಳಚಿಟ್ಟ ಹಳೆಯದು ಕಂದುಗಟ್ಟಿತ್ತು. ಟೊಂಗೆಯ ಸಮೇತ ಸೊಪ್ಪು ಹರಡಿದೆ, ಒಂದು ಅಂಕಣದಿಂದ ಇನ್ನೊಂದಕ್ಕೆ, ಅವರು ಹರಡುತ್ತಿದ್ದ ಹಾಗೆ ಎಡಗಡೆಯಿಂದ. ಸ್ವಲ್ಪ ಹೊತ್ತಿಗೆ ಆ ಮಳೆಯ ಸದ್ದು ಶುರುವಾಯಿತು. ಕಿಟಕಿಯಿಂದ ನೋಡಿದರೆ ನಡುಮನೆಯ ಮಂಚ ಕಾಣುತ್ತಿತ್ತು, ಹಾಸಿಗೆ ತೆಗೆದಿದ್ದರು.

ಹುಳ ಒಂದೂ ಕೆಡಲಿಲ್ಲ. ಚಂದ್ರಿಕೆಗೆ ಹತ್ತಿದವು, ಬಿದಿರಿನ ಆ ಸುತ್ತುಗಳಲ್ಲಿ ಒಂದೊಂದೇ ಕೂತು ತಮ್ಮ ಸುತ್ತ ನೂಲು ಸುತ್ತಿಕೊಂಡವು. ಗೂಡು ಬಿಡಿಸುವ ದಿನ ಗೀತಾ ಒಂದು ಗೂಡು ತೆಗೆದುಕೊಂಡು ಹಿತ್ತಲ ಕಟ್ಟೆಗೆ ಹೋದಳು. ನೀರಿನ ತಟ್ಟೆ ಇಟ್ಟುಕೊಂಡಳು. ನಾನು ಪಾತ್ರೆ ತೊಳೆಯುವುದು ಬಿಟ್ಟು ಹೋಗಿ ಕೂತೆ.

"ಇಲ್ಲವ್ವ," ಎಂದಳು ಸ್ವಲ್ಪ ಹೊತ್ತಾದ ಮೇಲೆ. "ಚೀಲ ಪೂರ್ತಿ ಹೋಗೈತೆ."

"ಎಲ್ಲಿ ಹೋತು?"

"ಹೊಸ ಮೈಗೆ. ರೆಕ್ಕೆಗೆ, ಮೊಟ್ಟೆಗೆ." ಕತ್ತರಿ ಕೆಳಗಿಟ್ಟಳು. "ನಾನು ಅಪ್ಪನಿಗೆ ಇದನ್ನ ಹೇಳಬಾರದಿತ್ತು."

"ಅವರು ಕೇಳಿದ್ರು, ನೀನು ಹೇಳ್ದೆ. ಎಷ್ಟು ಸಂತೋಷಪಟ್ರು ಅವತ್ತು."

"ಕಣ ಸತ್ರೆ ಪಕ್ಕದ್ದು ಅದನ್ನ ತಗಂತೈತೆ, ಕಸ ಉಳಿಯಲ್ಲ ಅಂತ ಪಾಠ ಮಾಡ್ತೀನವ್ವ ನಾನು. ಮಕ್ಳು ಬರ್ಕೊಂತಾರೆ." ಅವಳು ಹಿತ್ತಲ ಬಾಗಿಲ ಕಡೆ ನೋಡಿದಳು. ಅಲ್ಲಿ ಅವರ ತೋಟದ ಚಪ್ಪಲಿ, ಹಿಮ್ಮಡಿ ಸವೆದದ್ದು. ಮೊಳೆಗೆ ಟವೆಲ್ಲು. ಗೋಡೆಯ ಗೂಡಿನಲ್ಲಿ ಮೀಸೆ ಕತ್ತರಿಸುವ ಕತ್ತರಿ. "ಮನುಷ್ಯ ಹೋದ್ರೆ ಎಷ್ಟೊಂದು ಉಳೀತೈತೆ."

ನಾನು ಅವಳ ತಲೆ ಎಳೆದು ಮಡಿಲಿಗಿಟ್ಟುಕೊಂಡೆ. ಕೈ ಒದ್ದೆಯಿತ್ತು, ಬೂದಿಯ ಕೈ, ಅವಳ ಕೂದಲಿಗೆಲ್ಲ ಹತ್ತಿತು.

ಆ ಬೆಳೆಯ ನಂತರ ಶೆಡ್ಡನ್ನು ಹನುಮಕ್ಕನಿಗೆ ಒಪ್ಪಿಸಿದೆ. ಅವಳು, ಅವಳ ಮಗ, ಸೊಸೆ ನೋಡಿಕೊಳ್ಳುತ್ತಾರೆ. ಗೀತಾ ಸಂಶೋಧನೆಗೆ ಸೇರಿದ್ದಾಳೆ, ಹುಳದ ಚೀಲದ ಮೇಲೆಯೇ. ನಾನು ಹಬ್ಬ ಹುಣ್ಣಿಮೆ, ಸೊಪ್ಪು ಸೋಸುವುದು, ಕೌದಿ ಹೊಲಿಯುವುದು ಎಂದು ದಿನ ತಳ್ಳುತ್ತೇನೆ. ನಿದ್ದೆ ಮಾತ್ರ ಅವರು ಹೇಳಿದ ಹಾಗೆ ಬರಲಿಲ್ಲ. ಸೊಪ್ಪಿನ ಹೊತ್ತಿಗೆ ಎಚ್ಚರವಾಗುತ್ತದೆ. ಪಕ್ಕ ತಡವುತ್ತೇನೆ.

ಮೊಳಕಾಲ್ಮೂರಿನ ಆ ಹೆಂಗಸಿಗೆ ಲೋಟ ವಾಪಸು ಕೊಟ್ಟು, ಕುಚ್ಚಿನ ಸೀರೆ ಇಸಿದುಕೊಂಡು ಬಸ್ಸು ಹತ್ತಿದೆ. ಸೀರೆಯ ಚೀಲ ಮಡಿಲಲ್ಲಿತ್ತು. ಊರು ದಾಟುವಷ್ಟರಲ್ಲಿ ಫೋನು ಬಂತು, ಹನುಮಕ್ಕ. ಹಿಂದೆ ಶೆಡ್ಡಿನಲ್ಲಿ ಯಾರೋ ಟೊಂಗೆ ಎಳೆಯುವ ಸದ್ದು.

"ಅಮ್ಮಾ, ನಾಲ್ಕನೇ ಜ್ವರ. ಎದ್ದರು."

ಬಸ್ಸಿನ ಗದ್ದಲಕ್ಕೆ ಒಂದು ಕಿವಿ ಮುಚ್ಚಿಕೊಂಡೆ.

"ಎಲ್ಲರೂ ಎದ್ದರಾ ಹನುಮಕ್ಕ?"

"ಎಲ್ಲರೂ ಎದ್ದರಮ್ಮ. ಒಬ್ಬರೂ ಮಲಗಿಲ್ಲ. ನೀವು ಬಂದು ಸೊಪ್ಪು ಹಾಕಲಿ ಅಂತ ಕಾಯ್ತಿದೀವಿ."